ಹಸಿರು ಟೋಪಿ

ನನಗೆ ಆ ಟೋಪಿ ಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾಯ, ಅನ್ಯಾಯ ಎಂಬ ದೊಡ್ಡ ಮಾತುಗಳೆಲ್ಲ ಆಮೇಲೆ ಬಂದವು. ಮೊದಲಿದ್ದದ್ದು ಬರೀ ಹೊಟ್ಟೆಕಿಚ್ಚು.

ಹಸಿರು ಬಟ್ಟೆಯ ಟೋಪಿ. ಚಿಕ್ಕಮಗಳೂರಿನ ಯಾರೋ ದರ್ಜಿ ಹೊಲಿದದ್ದು. ಮುಂದುಗಡೆ ಹಳದಿ ದಾರದಲ್ಲಿ ಮಂಗಟ್ಟೆ ಹಕ್ಕಿಯ ತಲೆ, ಉದ್ದ ಕೊಕ್ಕು. ಅದನ್ನು ಹಾಕಿಕೊಳ್ಳುತ್ತಿದ್ದವರು ಗಿರಿವನ ಬಳಗದವರು. ಕಾಲೇಜು ಮೇಷ್ಟ್ರುಗಳು, ಬ್ಯಾಂಕಿನವರು, ಪ್ಲಾಂಟರ ಮಕ್ಕಳು. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಬಾಳೂರಿಗೆ ಬಂದಿಳಿಯುತ್ತಿದ್ದರು. ಅಲ್ಲಿಂದ ಗುಡ್ಡದ ಬುಡದವರೆಗೆ ನಮ್ಮ ಜೀಪು. ನಮ್ಮದೆಂದರೆ ನನ್ನ ಸೋದರಮಾವ ರಜಬ್ ಅಲಿಯದು. ಬಾಳೂರಿನ ರಸ್ತೆ ಬದಿಯಲ್ಲಿ ಅವನದೊಂದು ಗ್ಯಾರೇಜು. ಅಲ್ಲಿ ಮೆಕ್ಯಾನಿಕ್ಕೂ ನಾನೇ, ಜೀಪಿನ ಡ್ರೈವರೂ ನಾನೇ. ಹೆಸರು ಪೀರ್ ಪಾಷಾ. ಇದು ಎಂಬತ್ತಮೂರನೇ ಇಸವಿಯ ಮಾತು.

ಬಳಗದಲ್ಲಿ ಒಂದು ಪದ್ಧತಿಯಿತ್ತು. ಹೊಸಬರು ಮೊದಲ ಸಲ ಗುಡ್ಡದ ನೆತ್ತಿಗೆ ಹತ್ತಿದಾಗ ಎಲ್ಲರೂ ಸುತ್ತ ನಿಲ್ಲುತ್ತಾರೆ. ಕಾಡು ಕಾಯುತ್ತೇನೆ ಎಂದು ಹೊಸಬರು ಮಾತು ಕೊಡಬೇಕು. ಹಳಬರೊಬ್ಬರು ಅವರ ತಲೆಗೆ ಟೋಪಿ ಇಡುತ್ತಾರೆ. ಆಮೇಲೆ ಚಪ್ಪಾಳೆ. ಗಾಳಿ ಈ ಕಡೆಗೆ ಬೀಸುತ್ತಿದ್ದರೆ ಆ ಚಪ್ಪಾಳೆ ಬುಡದಲ್ಲಿ ಜೀಪಿಗೆ ಒರಗಿ ನಿಂತಿದ್ದ ನನಗೂ ಕೇಳುತ್ತಿತ್ತು. ಬೀಡಿ ಎಸೆದು ಮೇಲೆ ನೋಡುತ್ತಿದ್ದೆ. ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಚಿಕ್ಕವನಿದ್ದಾಗ ಅಮ್ಮನ ಹಿಂದೆ ಆ ಗುಡ್ಡವನ್ನು ಎಷ್ಟು ಸಲ ಹತ್ತಿದ್ದೇನೋ. ಬರಿಗಾಲಲ್ಲಿ ಹತ್ತಿದ್ದೇನೆ, ಜಿಗಣೆ ಕಚ್ಚಿಸಿಕೊಂಡು ಹತ್ತಿದ್ದೇನೆ. ಅದು ಹತ್ತಿದ ಲೆಕ್ಕಕ್ಕೆ ಬರುವುದಿಲ್ಲ. ಸೌದೆಗೆ ಹೋದವನು ಸೌದೆಗೆ ಹೋದ, ಅಷ್ಟೆ. ಶೂಸು ಹಾಕಿಕೊಂಡು, ಖಾಲಿ ಕೈಯಲ್ಲಿ ಹೋಗಿ ಖಾಲಿ ಕೈಯಲ್ಲಿ ಬಂದರೆ ಮಾತ್ರ ಅದು ಹತ್ತಿದ್ದು.

ಬಳಗದ ಕಾರ್ಯದರ್ಶಿ ಶಾಂತವೀರ. ಬಾಳೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂತವನು. ಅಮ್ಮ ಮಾಡಿದ ಅಕ್ಕಿರೊಟ್ಟಿಯನ್ನು ನನ್ನ ಡಬ್ಬಿಯಿಂದ ಕದ್ದು ತಿಂದವನು. ಏಳು ಮುಗಿದ ಮೇಲೆ ಅವನು ಚಿಕ್ಕಮಗಳೂರಿನ ಹೈಸ್ಕೂಲಿಗೆ ಹೋದ, ನಾನು ಮಾವನ ಜೀಪಿನ ಅಡಿಗೆ ಹೋದೆ. ಅವನ ತಂದೆ ಗಂಗಾಧರಪ್ಪನವರಿಗೆ ಊರಲ್ಲಿ ಜವಳಿ ಅಂಗಡಿ, ಗುಡ್ಡದ ಪಕ್ಕದಲ್ಲಿ ಎಸ್ಟೇಟು. ಬಳಗದ ಅಧ್ಯಕ್ಷರೂ ಅವರೇ. ಶಾಲೆಯಲ್ಲಿದ್ದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ‘ಲೇ’ ಎನ್ನುತ್ತಿದ್ದೆವು. ಈಗ ನಾನು ‘ಶಾಂತವೀರಣ್ಣ, ನೀವು’ ಎನ್ನಬೇಕು. ಅವನಿಗೆ ನಾನು ಇನ್ನೂ ‘ನೀನು’.

ಅವನ ಬಿಳಿ ಕ್ಯಾನ್ವಾಸ್ ಶೂ ನೋಡಿದರೆ ನನಗೆ ಉರಿಯುತ್ತಿತ್ತು. ಅದಕ್ಕೆ ಕೆಸರು ಹತ್ತಿದರೆ ಒಳಗೊಳಗೇ ಖುಷಿ. ಆದರೆ ಆ ಕೆಸರು ತೊಳೆಯುವವನೂ ನಾನೇ. ಜೀಪು ಹುಗಿದರೆ ಇಳಿದು ಚಕ್ರದಡಿಗೆ ಕಲ್ಲು ಕೊಡುವವನು ನಾನು. ಅಡುಗೆಯ ಪಾತ್ರೆ, ಅಕ್ಕಿ ಚೀಲ, ಜಮಖಾನೆಯನ್ನೆಲ್ಲ ಹಳ್ಳದವರೆಗೆ ಹೊತ್ತು ಇಟ್ಟು ವಾಪಸ್ ಬರುವವನು ನಾನು. ಅವರು ಕೈಬೀಸಿಕೊಂಡು ಮೇಲೆ ಹೋಗುತ್ತಿದ್ದರು. ನಾನು ಸ್ಟೇರಿಂಗಿನ ಹಿಂದೆ ಕೂತು ಅವರ ಬೆನ್ನು ನೋಡುತ್ತಿದ್ದೆ.

ಒಂದು ಸಲ ಬಾಯಿ ಬಿಟ್ಟು ಕೇಳಿದೆ.

“ಶಾಂತವೀರಣ್ಣ, ಈ ಸಲ ನಾನೂ ಬರ್ತೀನಿ.”

“ಜೀಪ್ ಯಾರು ನೋಡ್ಕೊಳ್ತಾರೆ ಮಾರಾಯ?”

“ನೋಡ್ಕೊಳ್ಳೋದೇನು ಬೇಡ. ರೋಟರ್ ತೆಗ್ದು ಜೇಬಿಗೆ ಹಾಕ್ಕೊಂಡ್ರಾಯ್ತು. ಯಾರು ಬಂದ್ರೂ ಸ್ಟಾರ್ಟ್ ಆಗಲ್ಲ.”

ಎಂಜಿನ್ನಿನ ಡಿಸ್ಟ್ರಿಬ್ಯೂಟರಿನ ಒಳಗೆ ಹೆಬ್ಬೆರಳಿನಷ್ಟು ದೊಡ್ಡದೊಂದು ಸಾಮಾನು ಇರುತ್ತದೆ. ಅದೇ ರೋಟರ್. ಅದನ್ನು ಕಿತ್ತರೆ ಜೀಪು ಬರೀ ತಗಡು. ನಾನು ಮುಚ್ಚಳ ಬಿಚ್ಚಿ ತೆಗೆದು ತೋರಿಸಿದೆ. ಶಾಂತವೀರ ಅದನ್ನು ನೋಡಲಿಲ್ಲ. ಜೊತೆಯವರ ಕಡೆ ತಿರುಗಿ ಹೇಳಿದ:

“ಇವನಿಗೆ ಬೆಟ್ಟ ಅಲ್ಲ, ಟೋಪಿ ಬೇಕಾಗಿರೋದು. ಅಲ್ವೇನೋ ಪಾಷಾ? ನಿಮ್ಮನೇಲಿ ಇದೆಯಲ್ಲ, ಬಿಳೀದು. ಅದನ್ನೇ ಹಾಕ್ಕೊಂಡು ಕೂತ್ಕೊ.”

ಎಲ್ಲರೂ ನಕ್ಕರು. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪಾಠ ಹೇಳುವ ಸರ್ವಮಂಗಳಾ ಮೇಡಂ ಒಬ್ಬರು ನಗಲಿಲ್ಲ. ನೆಲ ನೋಡಿದರು. ನಾನೂ ನಕ್ಕೆ. ನಗದಿದ್ದರೆ ಮಾವನ ಬಾಡಿಗೆ ತಪ್ಪುತ್ತದೆ. ಅವರು ಕಣ್ಮರೆಯಾದ ಮೇಲೆ ಜೀಪಿನ ಟೈರಿಗೆ ಕಾಲು ನೋಯುವಷ್ಟು ಒದ್ದೆ.

ಕಾಡಿನ ಮೇಲೆ ನನಗೆ ಪ್ರೀತಿ ಇರಲಿಲ್ಲ ಅಂದುಕೊಳ್ಳಬೇಡಿ. ಮಂಗಟ್ಟೆ ತಲೆಯ ಮೇಲೆ ಹಾರಿದರೆ ರೆಕ್ಕೆಯ ಸದ್ದಿಗೆ ನಾನೂ ಬಾಯಿ ತೆರೆದು ನಿಲ್ಲುತ್ತಿದ್ದೆ. ಕಾಯುವ ಹೊತ್ತಿನಲ್ಲಿ ರಸ್ತೆ ಬದಿಯ ಪೊದೆಗಳಲ್ಲಿ ಹುಡುಕಿ, ಯಾರೋ ಮೊಲಕ್ಕೆ, ಬರ್ಕ ಎಂಬ ಪುಟ್ಟ ಜಿಂಕೆಗೆ ಒಡ್ಡಿದ್ದ ತಂತಿಯ ಉರುಳುಗಳನ್ನು ಬಿಚ್ಚಿ ತಂದು ಶಾಂತವೀರನ ಕೈಗೆ ಕೊಟ್ಟಿದ್ದೆ. ಬಳಗದವರು ಅವನ್ನು ಮೂಡಿಗೆರೆಯಲ್ಲಿ ಪ್ರದರ್ಶನಕ್ಕಿಟ್ಟರು. ನಾನೂ ನೋಡಲು ಹೋದೆ. ‘ನಮ್ಮ ಸದಸ್ಯರು ಪತ್ತೆ ಹಚ್ಚಿದ ಉರುಳುಗಳು’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಆ ಕೋಣೆಯಲ್ಲಿ ಸದಸ್ಯನಲ್ಲದವನು ನಾನೊಬ್ಬನೇ ಇದ್ದೆ.

ಅದೇ ವರ್ಷ ಗಂಗಾಧರಪ್ಪನವರ ಎಸ್ಟೇಟು ಗುಡ್ಡದ ಮೇಲಕ್ಕೆ ಹಬ್ಬಿತು. ಬೇಲಿ ತಾನಾಗಿಯೇ ನಡೆದುಕೊಂಡು ಹೋದಂತೆ ಕಾಡಿನೊಳಗೆ ಹೋಯಿತು. ಇಬ್ಬರು ತಬ್ಬಿದರೂ ಸಿಗದ ಮರಗಳು ಉರುಳಿದವು. ನಾಟಾ ತುಂಬಿದ ಲಾರಿಗಳು ನಮ್ಮ ಜೀಪಿನ ಎದುರಿಗೇ ಇಳಿದು ಬರುತ್ತಿದ್ದವು. ರಸ್ತೆ ಕಿರಿದು. ನಾನು ಜೀಪನ್ನು ಚರಂಡಿಗೆ ಇಳಿಸಿ ದಾರಿ ಬಿಡುತ್ತಿದ್ದೆ. ಜೀಪಿನೊಳಗೆ ಹಸಿರು ಟೋಪಿಗಳು ಹಕ್ಕಿಯ ವಿಷಯ ಮಾತಾಡುತ್ತಿದ್ದವು. ಲಾರಿ ದಾಟುವವರೆಗೆ ಮಾತು ನಿಲ್ಲುತ್ತಿತ್ತು. ದಾಟಿದ ಮೇಲೆ ಮತ್ತೆ ಹಕ್ಕಿ.

ಆಮೇಲೆ ಒಂದು ದಿನ ಬಳಗದವರಿಗೆ ಕಾಡು ಹಾಳಾಗುತ್ತಿರುವುದು ಕಣ್ಣಿಗೆ ಬಿತ್ತು. ಯಾರಿಂದ ಹಾಳು? ಸೌದೆಯವರಿಂದ.

ಗುಡ್ಡದ ಬುಡದಲ್ಲೇ ಇದ್ದ ನಮ್ಮ ಕೇರಿಯ ಹೆಂಗಸರು ಒಣಸೌದೆ ತಂದು ಬಾಳೂರಿನ ಹೋಟೆಲುಗಳಿಗೆ ಹಾಕಿ ಜೀವನ ಮಾಡುತ್ತಿದ್ದರು. ನನ್ನಮ್ಮ ರೌಶನ್ ಬೀ, ಪಕ್ಕದ ಮನೆಯ ದೇವೀರಮ್ಮ, ಇನ್ನೂ ಕೆಲವರು. ಅಪ್ಪ ಸತ್ತ ಮೇಲೆ ನಾನು ಬೆಳೆದದ್ದು ಆ ಸೌದೆಯಲ್ಲೇ. ಅಪ್ಪನ ಹಳೇ ಲುಂಗಿಯನ್ನು ಹೊಸೆದು ಸುತ್ತಿ ಅಮ್ಮ ಸಿಂಬೆ ಮಾಡಿಕೊಂಡಿದ್ದಳು. ಅದನ್ನು ನೆತ್ತಿಯ ಮೇಲಿಟ್ಟು ಅದರ ಮೇಲೆ ಹೊರೆ. ಸಿಂಬೆ ಕೂರುವ ಜಾಗದಲ್ಲಿ ಅವಳಿಗೆ ಕೂದಲು ಹುಟ್ಟುವುದೇ ನಿಂತಿತ್ತು. ರಾತ್ರಿ ಮಲಗುವಾಗ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ದಿಂಬಿಗೆ ಇಳಿಸುತ್ತಿದ್ದಳು.

ಇವರು ಕಾಡಿಗೆ ಕಾಲಿಡಬಾರದು ಎಂದು ಗಂಗಾಧರಪ್ಪನವರ ಬಂಗಲೆಯ ಜಗಲಿಯಲ್ಲಿ ತೀರ್ಮಾನವಾಯಿತು. ಗುಡ್ಡ ಕಾಯಲು ಗುರುವಯ್ಯನೆಂಬ ಕಾವಲುಗಾರನನ್ನು ಬಳಗವೇ ಇಟ್ಟಿತು. ನಾನು ಅಂಗಳದಲ್ಲಿ ಜೀಪು ಒರೆಸುತ್ತಿದ್ದೆ. ಒಳಗೆ ಏನು ಮಾತಾಯಿತೋ ಆಗ ಕೇಳಿಸಲಿಲ್ಲ, ಗೊತ್ತಾದದ್ದು ಆಮೇಲೆ. ಹೊರಗೆ ಬಂದ ಶಾಂತವೀರ ನನ್ನ ಹೆಗಲ ಮೇಲೆ ಕೈ ಹಾಕಿದ. ಶಾಲೆ ಬಿಟ್ಟ ಮೇಲೆ ಆ ಕೈ ನನ್ನ ಹೆಗಲಿಗೆ ಬಂದದ್ದು ಅದೇ ಮೊದಲು.

“ಈ ಭಾನುವಾರ ನೀನೂ ಹತ್ತು ಪಾಷಾ. ಟೋಪಿ ಹಾಕ್ಸೋಣ. ಊರೋರು ಒಬ್ರು ನಮ್ ಜೊತೆ ಇರ್ಬೇಕು.”

“ಜೀಪು?”

“ಅದೇನೋ ತೆಗೆದು ಜೇಬಿಗೆ ಹಾಕ್ಕೊಂಡ್ರೆ ಆಯ್ತು ಅಂದಿದ್ಯಲ್ಲ.”

ಯಾಕೆ ಕರೆಯುತ್ತಿದ್ದಾನೆ ಎಂದು ನಾನು ಕೇಳಲಿಲ್ಲ. ಕೇಳುವ ಬುದ್ಧಿ ಆಗ ಎಲ್ಲಿತ್ತು? ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಚೊಂಬಿಗೆ ಕೆಂಡ ತುಂಬಿ ನನ್ನ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು.

ಭಾನುವಾರ ಜೀಪು ನಿಲ್ಲಿಸಿದೆ. ರೋಟರ್ ಕಿತ್ತು ಜೇಬಿಗೆ ಹಾಕಿಕೊಂಡೆ. ಅವರ ಸಾಲಿನಲ್ಲಿ ನಡೆದೆ. ಅಕ್ಕಿ ಚೀಲ ನನ್ನ ಹೆಗಲ ಮೇಲೇ ಇತ್ತು, ಆದರೂ ಅವತ್ತು ಭಾರ ಅನ್ನಿಸಲಿಲ್ಲ. ಸರ್ವಮಂಗಳಾ ಮೇಡಂ ಚೀಲದಿಂದ ಹೊಸ ಟೋಪಿ ತೆಗೆದು ತೋರಿಸಿ, “ಇದು ನಿಮ್ದು ಪಾಷಾ ಅವ್ರೇ” ಎಂದರು. ನನ್ನನ್ನು ಆ ಗುಂಪಿನಲ್ಲಿ ‘ಅವ್ರೇ’ ಎಂದವರು ಅವರೊಬ್ಬರೇ. ಹಳದಿ ದಾರ ಹೊಳೆಯುತ್ತಿತ್ತು. ಶಾಂತವೀರನ ಟೋಪಿ ಬಣ್ಣ ಬಿಟ್ಟಿತ್ತು. ನನ್ನದು ಹೊಸದು, ಅವನದು ಹಳೆಯದು ಎಂದು ಮನಸ್ಸು ಕುಣಿಯಿತು.

ಹಳ್ಳದ ಹತ್ತಿರ ಗುರುವಯ್ಯ ಕೋಲು ಹಿಡಿದು ಅಡ್ಡ ನಿಂತಿದ್ದ. ಅವನ ಮುಂದೆ ಸೌದೆ ಹೊರೆಗಳು ನೆಲಕ್ಕೆ ಬಿದ್ದಿದ್ದವು. ಹೊರೆಗಳ ಪಕ್ಕದಲ್ಲಿ ನಮ್ಮ ಕೇರಿಯ ಹೆಂಗಸರು. ಕತ್ತಿಗಳನ್ನು ಅವನು ಆಗಲೇ ಕಿತ್ತುಕೊಂಡಿದ್ದ. ದೇವೀರಮ್ಮ ಅಳುತ್ತಿದ್ದಳು. ಅಮ್ಮ ಅಳುತ್ತಿರಲಿಲ್ಲ. ಅವಳ ತಲೆಯ ಮೇಲೆ ಸಿಂಬೆ ಹಾಗೇ ಇತ್ತು.

ಅಮ್ಮ ನನ್ನನ್ನು ನೋಡಿದಳು. ನೋಡಿ, ನೋಡದವಳ ಹಾಗೆ ಮುಖ ತಿರುಗಿಸಿಕೊಂಡಳು. ಇಸ್ತ್ರಿ ಮಾಡಿದ ಅಂಗಿಯ ಮಗನಿಗೆ ತನ್ನಿಂದ ಅವಮಾನವಾಗಬಾರದು ಎಂದು.

ಶಾಂತವೀರನಿಗೆ ಅವಳ ಗುರುತು ಸಿಗದೆ ಇರುತ್ತದೆಯೇ? ಅವಳ ರೊಟ್ಟಿ ತಿಂದವನು.

“ಪಾಷಾ, ನೀನೇ ಹೇಳು ನಿಮ್ಮಮ್ಮಂಗೆ. ಇನ್ಮೇಲೆ ಇಲ್ಲಿಗೆ ಬರ್ಬಾರ್ದು ಅಂತ. ನೀನು ಹೇಳಿದ್ರೆ ಉಳಿದೋರೂ ಕೇಳ್ತಾರೆ. ಹೇಳು, ಆಮೇಲೆ ಮೇಲೆ ಹೋಗೋಣ.”

ಆಗ ಅರ್ಥವಾಯಿತು. ಹೆಗಲ ಮೇಲೆ ಬಂದ ಕೈ ಇದಕ್ಕೆ ಬಂದದ್ದು.

ಮನೆಯಲ್ಲಿ ನಾವು ಆಡುವುದು ಉರ್ದು. ಅಮ್ಮ ಅವತ್ತು ನನ್ನನ್ನು ಕನ್ನಡದಲ್ಲಿ ಮಾತಾಡಿಸಿದಳು. ಯಾರೋ ಬೇರೆಯವರನ್ನು ಮಾತಾಡಿಸುವ ಹಾಗೆ.

“ಹೇಳಪ್ಪ. ಅದೇನು ಹೇಳ್ಬೇಕೋ ಹೇಳು. ಕೇಳ್ತೀವಿ.”

ಸರ್ವಮಂಗಳಾ ಮೇಡಂ ಕೈಯಲ್ಲಿ ಟೋಪಿ ಇತ್ತು. ನನ್ನ ಕಣ್ಣು ಅದರ ಮೇಲೆ ಹೋಯಿತು. ಅಷ್ಟರಲ್ಲಿ ಶಾಂತವೀರ ಹೊರೆಗಳ ಕಡೆ ಕೈ ತೋರಿಸಿ ಗುರುವಯ್ಯನಿಗೆ ಹೇಳಿದ:

“ಇವನ್ನ ಒಲೆ ಹೂಡೋ ಜಾಗಕ್ಕೆ ಹಾಕು. ಹೇಗೂ ಅಡುಗೆಗೆ ಸೌದೆ ಬೇಕಲ್ಲ.”

ಗುರುವಯ್ಯ ಅಮ್ಮನ ಹೊರೆಯ ಬಳ್ಳಿಗೆ ಕೈ ಹಾಕಿದ. ನಾನು ಅಕ್ಕಿ ಚೀಲವನ್ನು ಕೆಳಕ್ಕೆ ಬಿಟ್ಟೆ. ಅದು ಬಾಯಿ ಬಿಚ್ಚಿ ಅಕ್ಕಿ ಕೆಸರಿಗೆ ಚೆಲ್ಲಿತು.

“ಮುಟ್ಬೇಡ ಗುರುವಯ್ಯ.”

“ಏನಾಯ್ತೋ ನಿಂಗೆ?” ಎಂದ ಶಾಂತವೀರ.

“ಒಣಸೌದೆ ತಂದ್ರೆ ಕಾಡು ಹಾಳಾಗುತ್ತೆ. ಅದನ್ನೇ ಕಿತ್ಕೊಂಡು ನೀನು ಅನ್ನ ಬೇಯಿಸ್ಕೊಂಡ್ರೆ ಕಾಡು ಉಳಿಯುತ್ತಾ ಶಾಂತವೀರ?”

“ಏಯ್, ಯಾರ ಹತ್ರ ಮಾತಾಡ್ತಿದೀಯ?”

“ನಮ್ಮಮ್ಮನ ರೊಟ್ಟಿ ಕದ್ದು ತಿಂದೋನ ಹತ್ರ. ನಿಮ್ಮಪ್ಪನ ಲಾರಿ ಇಳಿಯೋವಾಗ ನಿನ್ನ ಟೋಪಿ ಎಲ್ಲಿರುತ್ತೆ? ನಾನು ಜೀಪನ್ನ ಚರಂಡಿಗೆ ಇಳಿಸ್ತೀನಲ್ಲ, ಆಗ ನೀನು ಯಾವ ಕಡೆ ನೋಡ್ತಿರ್ತೀಯ? ಆ ಲಾರಿಗೆ ಯಾಕೆ ಕೋಲು ಅಡ್ಡ ಇಡಲ್ಲ? ಕೋಲು ಸಾಲೋದಿಲ್ವಾ?”

ನಾನು ಬಗ್ಗಿದೆ. ಅಮ್ಮನ ಹೊರೆ ಎತ್ತಲು ಹೋದರೆ ಮೊದಲ ಸಲಕ್ಕೆ ಏಳಲಿಲ್ಲ. ಇಂಥ ಹೊರೆ ಹೊತ್ತು ವರ್ಷಗಳೇ ಆಗಿದ್ದವು. ಅಮ್ಮ ಹತ್ತಿರ ಬಂದಳು. ತನ್ನ ತಲೆಯ ಸಿಂಬೆ ತೆಗೆದು ನನ್ನ ತಲೆಗಿಟ್ಟಳು. ಅದು ಅವಳ ಬೆವರಿಗೆ ಒದ್ದೆಯಾಗಿತ್ತು. ದೇವೀರಮ್ಮ ಒಂದು ಕಡೆ, ಅಮ್ಮ ಒಂದು ಕಡೆ ಹಿಡಿದು ಹೊರೆ ಏರಿಸಿದರು. ಕುತ್ತಿಗೆ ಲಟಕ್ಕೆಂದಿತು.

“ಪಾಷಾ ಅವ್ರೇ, ಟೋಪಿ...” ಎಂದರು ಸರ್ವಮಂಗಳಾ ಮೇಡಂ.

“ನೀವೇ ಇಟ್ಕೊಳ್ಳಿ ಮೇಡಂ.”

ಹಾಗೆನ್ನುವಾಗಲೂ ಅದು ನನಗೆ ಬೇಕೇ ಇತ್ತು. ಸುಳ್ಳು ಯಾಕೆ ಹೇಳಲಿ.

ಒಂದು ಮಾರು ನಡೆದವನು ನಿಂತೆ. ಹೊರೆ ಇದ್ದುದರಿಂದ ತಿರುಗಿ ನೋಡಲಾಗಲಿಲ್ಲ. ಮುಂದೆ ನೋಡಿಕೊಂಡೇ ಹೇಳಿದೆ:

“ಉಳಿದ ಹೊರೆ ನಮ್ಮ ಕೇರಿಗೆ ಬರ್ಬೇಕು. ಕತ್ತಿನೂ ಬರ್ಬೇಕು. ನೀವೇ ಹೊತ್ಕೊಂಡು ಬನ್ನಿ. ಅಲ್ಲೀತನಕ ಜೀಪ್ ಅಲ್ಲಾಡಲ್ಲ. ರೋಟರ್ ನನ್ನ ಜೇಬಲ್ಲಿದೆ.”

ಹೆಂಗಸರು ಖಾಲಿ ಕೈಯಲ್ಲಿ ನನ್ನ ಹಿಂದೆ ಇಳಿದರು. ಆ ಗುಡ್ಡದಿಂದ ಅವರು ಹಾಗೆ ಇಳಿದದ್ದೇ ಇಲ್ಲ. ಅರ್ಧ ದಾರಿಯಲ್ಲಿ ದೇವೀರಮ್ಮನಿಗೆ ನಗು ಬಂತು. “ಅಯ್ಯೋ, ಕೈ ಎಲ್ಲಿ ಇಟ್ಕೊಳ್ಳೋದು ಅಂತ್ಲೇ ಗೊತ್ತಾಗ್ತಿಲ್ಲ ಕಣೇ” ಎಂದಳು. ಅಮ್ಮ ನಗಲಿಲ್ಲ. “ಮೆಲ್ಲಗೆ ಹೋಗು. ಬಲಗಡೆ ವಾಲ್ತಿದೆ” ಎಂದು ಹಿಂದಿನಿಂದ ಹೇಳುತ್ತಲೇ ಬಂದಳು. ಈಗ ಉರ್ದುವಿನಲ್ಲಿ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮಾವನಿಗೆ ಮುಟ್ಟಿತ್ತು. ಅವನು ಬಾಗಿಲಲ್ಲೇ ನಿಂತು ಬಾಯಿಗೆ ಬಂದಂತೆ ಬೈದ.

“ಗಂಗಾಧರಪ್ಪನವ್ರನ್ನ ಎದುರು ಹಾಕ್ಕೊಂಡು ಈ ಊರಲ್ಲಿ ಗ್ಯಾರೇಜ್ ನಡ್ಸಕ್ಕಾಗುತ್ತಾ? ಕೊಡೋ ರೋಟರ್.”

“ಹೊರೆ ಬರ್ಲಿ ಮಾಮು, ಕೊಡ್ತೀನಿ.”

“ಕೊಟ್ಟ ಮೇಲೆ ನನ್ನ ಗ್ಯಾರೇಜಿಗೆ ಕಾಲಿಡ್ಬೇಡ.”

ಅಮ್ಮ ತನ್ನ ಅಣ್ಣನಿಗೆ ನೀರು ಕೊಟ್ಟಳು. ಅವನು ಕುಡಿಯಲಿಲ್ಲ.

ಸಂಜೆಗೆ ಮುಂಚೆ ಅವರು ಬಂದರು. ಬಾಳೂರಿಗೆ ಹೋಗಿ ಚಿಕ್ಕಮಗಳೂರಿನ ಕೊನೆಯ ಬಸ್ಸು ಹಿಡಿಯಬೇಕಿತ್ತು. ಅದಕ್ಕೆ ಜೀಪು ಬೇಕಿತ್ತು. ಬ್ಯಾಂಕಿನ ಇಬ್ಬರು ಒಂದು ಹೊರೆಯನ್ನು ಕೋಲಿಗೆ ಕಟ್ಟಿ ಹೆಣ ಹೊತ್ತ ಹಾಗೆ ಹೊತ್ತಿದ್ದರು. ಗುರುವಯ್ಯನ ತಲೆಯ ಮೇಲೆ ಒಂದು. ಕಾಲೇಜು ಹುಡುಗರು ಉಳಿದವನ್ನು ನೆಲದ ಮೇಲೆ ಎಳೆದು ಅರ್ಧ ಸೌದೆ ದಾರಿಯಲ್ಲೇ ಉದುರಿಸಿದ್ದರು. ಶಾಂತವೀರ ಕತ್ತಿಗಳನ್ನು ಮಾತ್ರ ಹಿಡಿದಿದ್ದ. ನನ್ನ ಮುಖ ನೋಡಲಿಲ್ಲ.

ಸರ್ವಮಂಗಳಾ ಮೇಡಂ ದೇವೀರಮ್ಮನ ಹೊರೆಯನ್ನು ತಲೆಯ ಮೇಲೆ ಹೊತ್ತು ಬಂದರು. ಕಾಲು ನಡುಗುತ್ತಿತ್ತು. ಕೆನ್ನೆ ತರಚಿತ್ತು. ಹೊರೆಯ ಕೆಳಗೆ ಸಿಂಬೆ ಮಾಡಿಕೊಂಡಿದ್ದರು. ಅದು ಟೋಪಿ. ನನಗೆಂದು ತಂದ ಟೋಪಿ. ಅವರ ಸ್ವಂತ ಟೋಪಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹಾಗೇ ಇತ್ತು.

ಬಳಗದಲ್ಲಿ ಕ್ಯಾಮೆರಾ ಇದ್ದವನೊಬ್ಬನಿದ್ದ. ಅವನು ಮುಂದೆ ಓಡಿ ಬಂದು ಮಂಡಿಯೂರಿ ಅವರ ಫೋಟೋ ತೆಗೆದ. ಅವರು ಬೇಡ ಎನ್ನಲಿಲ್ಲ. ಬಹುಶಃ ಬೇಡ ಎನ್ನುವಷ್ಟು ಉಸಿರಿರಲಿಲ್ಲ. ಹೊರೆಯನ್ನು ನಮ್ಮ ಅಂಗಳಕ್ಕೆ ಹಾಕಿ ಕುಸಿದು ಕೂತರು.

“ಎಷ್ಟು ಭಾರ ರೌಶನ್ ಬೀ. ಇದನ್ನ ದಿನಾ ಹೊರ್ತೀರಾ?”

“ಇನ್ನು ಬರ್ಬೇಡಿ ಅಂತಿದೀರಲ್ಲ ಮೇಡಂ” ಎಂದಳು ಅಮ್ಮ. ಅವರು ಕುಡಿಯುತ್ತಿದ್ದ ನೀರಿನ ಲೋಟ ಇಳಿಸಿದರು.

ನಾನು ರೋಟರನ್ನು ಮಾವನ ಕೈಗೆ ಕೊಟ್ಟೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಮುಂದಿನ ವಾರ ಜಿಲ್ಲೆಯ ಒಂದು ಪತ್ರಿಕೆಯಲ್ಲಿ ಆ ಫೋಟೋ ಬಂತು. ಹೋಟೆಲಿನಲ್ಲಿ ನೋಡಿದೆ. ಕೆಳಗೆ ‘ಗಿರಿಜನರ, ಬಡವರ ಕಷ್ಟ ಅರಿಯಲು ಸ್ವತಃ ಸೌದೆ ಹೊತ್ತ ಪರಿಸರಪ್ರೇಮಿ ಉಪನ್ಯಾಸಕಿ’ ಎಂದು ಬರೆದಿತ್ತು. ಹೋಟೆಲಿನವನು ಓದಿ, “ಎಂಥಾ ಹೆಣ್ಮಗಳು ಮಾರಾಯ” ಎಂದ. ಅವನ ಒಲೆಯಲ್ಲಿ ಉರಿಯುತ್ತಿದ್ದದ್ದು ಅಮ್ಮನ ಸೌದೆ. ಒಂದೇ ಒಂದು ಸಲ, ಅರ್ಧ ಗುಡ್ಡದಿಂದ ಹೊತ್ತು ತಂದವರಿಗೆ ಫೋಟೋ. ಹೊತ್ತು ಹೊತ್ತು ನೆತ್ತಿ ಬೋಳಾದವಳಿಗೆ ಏನಿದೆ? ಸೌದೆ ಹೊತ್ತದ್ದರಲ್ಲೂ ಹೊಟ್ಟೆಕಿಚ್ಚು ಪಡುವ ಗತಿ ನನಗೆ ಬಂತು. ಆ ಮೇಡಂ ಕೆಟ್ಟವರಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

ಕಾಡಿನ ಬಾಗಿಲೇನೂ ತೆರೆಯಲಿಲ್ಲ. ಗುರುವಯ್ಯ ಅಲ್ಲೇ ಇದ್ದ. ಲಾರಿಗಳೂ ಇಳಿಯುತ್ತಲೇ ಇದ್ದವು.

ಟೋಪಿ ಮಾತ್ರ ನಮ್ಮ ಅಂಗಳದಲ್ಲಿ ಬಿದ್ದಿತ್ತು. ಮೇಡಂ ಮರೆತು ಹೋಗಿದ್ದರು. ಚಪ್ಪಟೆಯಾಗಿ, ಸೌದೆಯ ಅಂಟು ಮೆತ್ತಿಕೊಂಡು ಬಿದ್ದಿತ್ತು. ಎತ್ತಿಕೊಂಡು ತೊಳೆದು ಮೊಳೆಗೆ ನೇತುಹಾಕಿದೆ. ಯಾರೂ ಇಲ್ಲದಾಗ ಕನ್ನಡಿಯ ಮುಂದೆ ಹಾಕಿಕೊಂಡೂ ನೋಡಿದೆ. ತಲೆಗೆ ಸರಿಯಾಗಿ ಕೂತಿತು.

ಫೋಟೋ ಬಂದ ವಾರದ ಭಾನುವಾರ ಬೆಳಿಗ್ಗೆ ನೋಡಿದರೆ ಮೊಳೆ ಖಾಲಿ. ಅಮ್ಮ ಬಾಗಿಲಲ್ಲಿ ಕೂತು ಟೋಪಿಯನ್ನು ಹಳೆ ಲುಂಗಿಯ ಸಿಂಬೆಗೆ ಸೇರಿಸಿ ಸುತ್ತುತ್ತಿದ್ದಳು. ಲುಂಗಿ ಸವೆದು ಹೋಗಿತ್ತು.

“ಅಮ್ಮ, ಅದು ನಂದು.”

“ನಿನ್ನ ತಲೆ ಮೇಲೆ ಹೊರೋದೇನಿದೆ?” ಎಂದಳು.

ನನಗೆ ಕೆಲಸವಿರಲಿಲ್ಲ. ಒಂದು ಕತ್ತಿ ತೆಗೆದುಕೊಂಡು ಅವಳ ಹಿಂದೆ ಹೊರಟೆ. ದೇವೀರಮ್ಮನೂ ಬಂದಳು, ಉಳಿದವರೂ ಬಂದರು. ಕಳ್ಳದಾರಿ ಬಿಟ್ಟು ನೆಟ್ಟಗಿನ ದಾರಿಯಲ್ಲೇ ಹೋದೆವು. ಗುರುವಯ್ಯ ಕೋಲು ಎತ್ತಿದ. ನಾವು ನಿಲ್ಲಲಿಲ್ಲ. ಅಷ್ಟು ಜನರಿಗೆ ಒಂದು ಕೋಲನ್ನು ಎಲ್ಲಿ ಅಡ್ಡ ಇಡುವುದೆಂದು ಅವನಿಗೂ ತಿಳಿಯಲಿಲ್ಲ.

ಸಂಜೆ ಹೊರೆ ಹೊತ್ತು ರಸ್ತೆಗೆ ಇಳಿದಾಗ ಹಿಂದಿನಿಂದ ಮಾವನ ಜೀಪಿನ ಸದ್ದು ಬಂತು. ಮೂರನೇ ಗೇರಿನಲ್ಲಿ ಬರುತ್ತಿತ್ತು. ಡ್ರೈವರು ಹೊಸಬ. ಒಳಗೆ ಗುಡ್ಡ ಇಳಿದು ವಾಪಸ್ ಹೊರಟ ಬಳಗದವರು. ಹಾರ್ನ್ ಹೊಡೆದ. ನನ್ನ ಕಾಲು ಅಭ್ಯಾಸಬಲದಿಂದ ಚರಂಡಿಯ ಕಡೆ ಸರಿಯಿತು.

ಅಮ್ಮ ಸರಿಯಲಿಲ್ಲ. ರಸ್ತೆಯ ನಡುವೆ, ತನ್ನ ಹೆಜ್ಜೆಯಲ್ಲಿ ನಡೆದಳು. ಹೊರೆಯ ಕೆಳಗೆ, ಹಣೆಯ ಮೇಲೆ, ಹಳದಿ ಕೊಕ್ಕು ಇಣುಕುತ್ತಿತ್ತು. ಮತ್ತೆ ಹಾರ್ನ್. ಅವಳು ತಿರುಗಲಿಲ್ಲ. ಹೊರೆ ಹೊತ್ತವರು ತಿರುಗುವುದಿಲ್ಲ. ನಾನೂ ಚರಂಡಿಯಿಂದ ಮೇಲೆ ಬಂದು ಅವಳ ಪಕ್ಕಕ್ಕೆ ಸೇರಿಕೊಂಡೆ. ಹಿಂದೆ ಜೀಪು ಎರಡನೇ ಗೇರಿಗೆ ಬಂತು, ಆಮೇಲೆ ಒಂದಕ್ಕೆ. ಎಂಜಿನ್ನು ಹೊಗೆ ಕಾರುತ್ತ ನರಳಿತು. ಬಾಳೂರಿನ ಪೇಟೆಯವರೆಗೂ ಅಷ್ಟೂ ಹಸಿರು ಟೋಪಿಗಳು ಅಮ್ಮನ ಹಿಂದೆ ಅಮ್ಮನ ನಡಿಗೆಯಲ್ಲೇ ಬಂದವು.

ಅಂಗಡಿಗಳವರು ಹೊರಗೆ ಬಂದು ನಿಂತು ನೋಡಿದರು. ಯಾರ ಕೈಯಲ್ಲೂ ಕ್ಯಾಮೆರಾ ಇರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಟೋಪಿ ಅವಳಿಗೆ ಎಷ್ಟು ಚೆನ್ನಾಗಿ ಒಪ್ಪಿತ್ತೆಂದರೆ, ನನಗೆ ಅವಳ ಮೇಲೂ ಹೊಟ್ಟೆಕಿಚ್ಚಾಯಿತು.